ಸಿಟಿಆರ್‌ಐ ವೆಬ್‌ಸೈಟ್: ನೋಡೋಕೆ ಸುಮಾರು, ಆದರೆ ಕೆಲಸಕ್ಕೆ ಬರುತ್ತೆ

ಡಾಕ್ಟರ್ ಯಾವತ್ತಾದರೂ "ಹೊಸ ಔಷಧಿಯ ಟ್ರಯಲ್ ಇದೆ, ಸೇರ್ತೀರಾ?" ಅಂತ ಕೇಳಿದರೆ, ಸಹಿ ಹಾಕುವ ಮುಂಚೆ ಸಿಟಿಆರ್‌ಐ ನಂಬರ್ ಕೇಳಿ ಇಟ್ಟುಕೊಳ್ಳಿ. ಭಾರತದಲ್ಲಿ ನಡೆಯುವ, ಔಷಧಿ-ಚಿಕಿತ್ಸೆಗಳನ್ನು ಜನರ ಮೇಲೆ ಪರೀಕ್ಷಿಸಿ ನೋಡುವ ಕ್ಲಿನಿಕಲ್ ಟ್ರಯಲ್‌ಗಳ ರಿಜಿಸ್ಟ್ರಿ ಇದು. 2007ರಲ್ಲಿ ಶುರುವಾಯಿತು, ನಡೆಸೋದು ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ನೋಡೋಕೆ ದುಡ್ಡಿಲ್ಲ, ಲಾಗಿನ್ ಬೇಕಿಲ್ಲ. ಐದಕ್ಕೆ ಮೂರೂವರೆ ಸ್ಟಾರ್ ಕೊಡ್ತೀನಿ.

ವಿನ್ಯಾಸ ಹಳೇ ಸರ್ಕಾರಿ ವೆಬ್‌ಸೈಟ್‌ಗಳದ್ದೇ, ಅದರ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಒಳಗಿರುವ ಮಾಹಿತಿ ಮಾತ್ರ ಭರ್ಜರಿ. ದುಡ್ಡು ಹಾಕುತ್ತಿರುವವರು ಯಾರು, ಯಾವ ಊರಿನ ಯಾವ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ, ಎಥಿಕ್ಸ್ ಕಮಿಟಿ (ರೋಗಿಗಳ ಹಿತ ನೋಡುವ ಸಮಿತಿ) ಒಪ್ಪಿದೆಯಾ, ಎಷ್ಟು ಜನರನ್ನು ಸೇರಿಸಿಕೊಳ್ಳುತ್ತಾರೆ, ಎಲ್ಲವೂ ಇರುತ್ತೆ.

ನಾನು ಮೊದಲು ನೋಡೋದು 'ಪ್ರೈಮರಿ ಔಟ್‌ಕಮ್' ಅನ್ನುವ ಸಾಲು. ಔಷಧಿ ಕೆಲಸ ಮಾಡಿತೋ ಇಲ್ಲವೋ ಅಂತ ಯಾವುದರಿಂದ ತೀರ್ಮಾನಿಸುತ್ತಾರೆ ಅನ್ನೋದು ಅಲ್ಲಿರುತ್ತೆ. ಉದಾಹರಣೆಗೆ ಸಕ್ಕರೆ ಕಾಯಿಲೆಯ ಔಷಧಿಗೆ ರಕ್ತದಲ್ಲಿನ ಮೂರು ತಿಂಗಳ ಸಕ್ಕರೆ ಪ್ರಮಾಣ ಅಂತ ನೋಂದಾಯಿಸಿ, ಅದು ಇಳಿಯದೇ ಹೋದಾಗ ಜರ್ನಲ್‌ನಲ್ಲಿ ತೂಕ ಇಳಿದದ್ದನ್ನೇ ದೊಡ್ಡದಾಗಿ ಬರೆದರೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ತಕ್ಷಣ ಗೊತ್ತಾಗುತ್ತೆ. ಮೇಲ್ಗಡೆಯೇ ನೋಂದಣಿಯ ದಿನಾಂಕ ಇರುತ್ತೆ, ಟ್ರಯಲ್ ಶುರುವಾಗುವ ಮುಂಚೆ ನೋಂದಾಯಿಸಿದ್ದಾ, ಆಮೇಲಾ ಅಂತಲೂ ಹಾಕಿರುತ್ತಾರೆ. ಮೊದಲೆಲ್ಲ ಆಮೇಲೆ ಬಂದು ನೋಂದಾಯಿಸಿದರೂ ನಡೀತಿತ್ತು. ಪರೀಕ್ಷೆ ಮುಗಿದ ಮೇಲೆ ಪ್ರಶ್ನೆಪತ್ರಿಕೆ ಬರೆದ ಹಾಗೆ! 2018ರ ಏಪ್ರಿಲ್ 1ರಿಂದ ಅದು ನಿಂತಿದೆ, ಮೊದಲ ರೋಗಿ ಸೇರುವ ಮುಂಚೆಯೇ ನೋಂದಣಿ ಆಗಬೇಕು.

ಒಂದು ಎಚ್ಚರಿಕೆ. ಸಿಟಿಆರ್‌ಐ ನಂಬರ್ ಇದೆ ಅಂದ ಮಾತ್ರಕ್ಕೆ ಔಷಧಿ ಒಳ್ಳೇದು ಅಂತಲ್ಲ, ಸರ್ಕಾರ ಒಪ್ಪಿದೆ ಅಂತಲೂ ಅಲ್ಲ. 2020ರ ಜೂನ್‌ನಲ್ಲಿ ಕೊರೊನಾ ವಾಸಿ ಮಾಡುತ್ತೆ ಅಂತ ಪತಂಜಲಿಯವರು ಬಿಟ್ಟ ಕೊರೊನಿಲ್ ಔಷಧಿಯ ಗಲಾಟೆ ನೆನಪಿದೆ ಅಲ್ವಾ? ಆಗ ಆಯುಷ್ ಸಚಿವಾಲಯ ಜಾಹೀರಾತು ನಿಲ್ಲಿಸಿ ಅಂದು, ಆಸ್ಪತ್ರೆ ಯಾವುದು, ಎಷ್ಟು ಜನರ ಮೇಲೆ ಪ್ರಯೋಗ ಆಯಿತು, ಎಥಿಕ್ಸ್ ಕಮಿಟಿ ಒಪ್ಪಿಗೆ, ಸಿಟಿಆರ್‌ಐ ನೋಂದಣಿ, ಫಲಿತಾಂಶದ ಡೇಟಾ ಎಲ್ಲಾ ಕೊಡಿ ಅಂತ ಕೇಳಿತು. ನೋಂದಣಿ ಅನ್ನೋದು ಆ ಪಟ್ಟಿಯಲ್ಲಿ ಒಂದು ಐಟಂ, ಅಷ್ಟೇ.

ಸ್ಟಾರ್ ಕಡಿಮೆ ಮಾಡಿದ್ದು ಮುಖ್ಯವಾಗಿ ಫಲಿತಾಂಶದ ವಿಷಯಕ್ಕೆ. ಟ್ರಯಲ್ ಮುಗಿದಿದೆ ಅಂತ ಹಾಕಿರುತ್ತಾರೆ, ಪ್ರಕಟಣೆಯ ವಿವರ ಅನ್ನುವ ಜಾಗದಲ್ಲಿ ಎಷ್ಟೋ ಸಲ 'ನಿಲ್', ಅಂದರೆ ಏನೂ ಇಲ್ಲ. ಔಷಧಿ ಗೆದ್ದಿತಾ, ಸೋತಿತಾ, ಸುಮ್ನೆ ಕೈಬಿಟ್ಟರಾ, ಒಂದೂ ತಿಳಿಯಲ್ಲ. ಅಮೆರಿಕದ ಇಂಥದ್ದೇ ರಿಜಿಸ್ಟ್ರಿ ಕ್ಲಿನಿಕಲ್‌ಟ್ರಯಲ್ಸ್.ಗವ್‌ನಲ್ಲಿ 2008ರಿಂದ ಫಲಿತಾಂಶಕ್ಕೇ ಬೇರೆ ವಿಭಾಗ ಇದೆ, ಬಹಳಷ್ಟು ಔಷಧಿ ಟ್ರಯಲ್‌ಗಳಿಗೆ ಅಲ್ಲಿ ಫಲಿತಾಂಶ ಹಾಕುವುದು ಕಾನೂನಿನ ಪ್ರಕಾರ ಕಡ್ಡಾಯ. ಅಲ್ಲೂ ತಡ ಮಾಡುವವರಿದ್ದಾರೆ, ಆದರೆ ಯಾರು ಹಾಕಿಲ್ಲ ಅಂತ ಹೊರಗಿನವರು ಲೆಕ್ಕ ಇಡಬಹುದು.

ಮತ್ತೆ, ಇರೋದೆಲ್ಲಾ ಇಂಗ್ಲಿಷ್‌ನಲ್ಲಿ. ಬೆಂಗಳೂರಲ್ಲೋ ಮೈಸೂರಲ್ಲೋ ಟ್ರಯಲ್‌ಗೆ ಸೇರುವವರಿಗೆ ಒಪ್ಪಿಗೆ ಪತ್ರ ಅವರಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು ಅಂತ ನಿಯಮ ಇರುವಾಗ, ಇಲ್ಲಿ ಕೊನೇಪಕ್ಷ ಟ್ರಯಲ್‌ನ ಹೆಸರು ಮತ್ತು ಸಾರಾಂಶವನ್ನಾದರೂ ಕನ್ನಡದಲ್ಲಿ ಹಾಕೋಕೆ ಏನಡ್ಡಿ?