ಪತ್ರಿಕೆ ತರುವವರೇ, ‘ಪೂರ್ತಿ ಪ್ಯಾಕೇಜ್’ ಅಂದವರ ಹತ್ತಿರ ಹುಷಾರು

ಕಳೆದ ವರ್ಷ ಮಡಿಕೇರಿಯಿಂದ ನಾವು ಮೂವರು ಗೆಳತಿಯರು ಒಂದು ಪತ್ರಿಕೆ ತಂದೆವು. ಉಡುಗೆ, ಚಿತ್ರಕಲೆ, ಸಂಗೀತ, ಇಷ್ಟೇ ವಿಷಯ. ಯಾರ ಹಂಗೂ ಬೇಡ ಅಂತ ನಮ್ಮದೇ ದುಡ್ಡು ಹಾಕಿದೆವು. ಅದರಲ್ಲಿ ಎಷ್ಟು ಕೈಬಿಟ್ಟು ಹೋಯಿತು ಅಂತ ಹೇಳಿಕೊಳ್ಳಲು ನಾಚಿಕೆ ಆಗುತ್ತದೆ. ಆದರೂ ಹೇಳುತ್ತೇನೆ.

ಬೆಂಗಳೂರಿನ ಒಬ್ಬರು ಪರಿಚಯವಾದರು. ಅವರಿಗೆ ಸ್ವಂತ ಪ್ರೆಸ್ ಇಲ್ಲ ಅನ್ನುವುದು ನಮಗೆ ಗೊತ್ತಾದದ್ದು ಕೊನೆಯಲ್ಲಿ. ‘ಮೇಡಂ, ಲೇಔಟ್, ಪ್ರಿಂಟಿಂಗ್, ನೋಂದಣಿ, ಅಂಗಡಿಗಳಿಗೆ ಹಂಚುವುದು, ಎಲ್ಲ ನಮ್ಮದೇ. ನೀವು ಬಿಡುಗಡೆ ದಿನ ಸೀರೆ ಉಟ್ಟು ಬಂದರೆ ಸಾಕು’ ಅಂದರು. 64 ಪುಟ, ಎ4 ಅಳತೆ, 130 ಜಿಎಸ್‌ಎಂ (ಕಾಗದದ ತೂಕದ ಅಳತೆ) ಆರ್ಟ್ ಪೇಪರ್, 500 ಪ್ರತಿ. ಒಟ್ಟು 1,10,000 ರೂಪಾಯಿ. ಕಾಗದದ ರೇಟ್ ಏರುತ್ತಿದೆ ಅಂತ ಪೂರ್ತಿ ಹಣ ಮುಂಗಡ ಕೇಳಿದರು. ಕೊಟ್ಟೆವು. ಪ್ರೂಫ್, ಅಂದರೆ ಅಚ್ಚಿಗೆ ಮುಂಚಿನ ಮಾದರಿ, ಕಳಿಸಿ ಅಂದದ್ದಕ್ಕೆ ಪಿಡಿಎಫ್ ಬಂತು. ಮೊಬೈಲ್‌ನಲ್ಲಿ ಎಷ್ಟು ಚೆನ್ನಾಗಿತ್ತು ಅಂದರೆ, ನಾವೇ ಖುಷಿಯಾಗಿ ಓಕೆ ಅಂದುಬಿಟ್ಟೆವು.

ಅಲ್ಲೇ ಎಡವಿದ್ದು. ಮೊಬೈಲ್ ಪರದೆ ಬಣ್ಣವನ್ನು ಬೆಳಕಿನಿಂದ ತೋರಿಸುತ್ತದೆ. ಆಫ್‌ಸೆಟ್ ಅಚ್ಚಿನಲ್ಲಿ ಅದೇ ಬಣ್ಣ ನಾಲ್ಕು ಶಾಯಿ ಸೇರಿ ಬರಬೇಕು. ಕಾಗದದ ಮೇಲೆ ತೆಗೆದ ಪ್ರೂಫ್ ನೋಡದೆ ಒಪ್ಪಬಾರದಿತ್ತು.

ಕೊಡವರ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ಕ್ಕೆ ಬಿಡುಗಡೆ ಇಟ್ಟುಕೊಂಡಿದ್ದೆವು. (ಆ ಮಳೆಯಲ್ಲಿ ಯಾರು ಬರ್ತಾರೆ ಅಂತ ಅಮ್ಮ ಬೈದಿದ್ದರು. ಅದು ಮಾತ್ರ ನಮ್ಮದೇ ತಪ್ಪು.) ಕೊಡಗಿಗೆ ರೈಲು ಇಲ್ಲವಲ್ಲ, ಬಂಡಲ್‌ಗಳು ಬಸ್ಸಿನಲ್ಲಿ ಹಿಂದಿನ ದಿನ ಸಂಜೆ ಬಂದವು. ಪ್ಲಾಸ್ಟಿಕ್ ಹೊದಿಕೆ ಇಲ್ಲ, ಬರೀ ಹಳೇ ಪೇಪರ್ ಸುತ್ತಿದ್ದರು. ಆರ್ಟ್ ಪೇಪರ್ ನೆನೆದರೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ. ಎಣಿಸಿದರೆ 340 ಪ್ರತಿ. ಅದರಲ್ಲಿ ಐವತ್ತಕ್ಕೂ ಜಾಸ್ತಿ ಹೀಗೆ ಹಾಳು.

ಇನ್ನು ಒಳಗೆ. ಮುಖ್ಯ ಲೇಖನ ಕೊಡವ ಗಂಡಸರ ಉಡುಗೆ ಕುಪ್ಯ ಚೇಲೆ (ನಿಲುವಂಗಿ, ಸೊಂಟಪಟ್ಟಿ) ಮೇಲೆ. ಗೆಳತಿಯ ಅಜ್ಜ ಕಪ್ಪು ಕುಪ್ಯ ತೊಟ್ಟು, ಪೀಚೆಕತ್ತಿ ಸಿಕ್ಕಿಸಿಕೊಂಡು ಅರ್ಧ ದಿನ ಕ್ಯಾಮೆರಾ ಮುಂದೆ ನಿಂತಿದ್ದರು. ಪುಟದಲ್ಲಿ ಕುಪ್ಯದ ಒಂದು ಮಡಿಕೆಯೂ ಕಾಣಲಿಲ್ಲ. ಮಸಿ ಮೆತ್ತಿದ ಹಾಗಿತ್ತು. ಕೆಂಪು ರೇಷ್ಮೆಯ ಚೇಲೆ ಹೆಂಚಿನ ಬಣ್ಣಕ್ಕೆ ತಿರುಗಿತ್ತು. ಅಜ್ಜ ಕನ್ನಡಕ ಹಾಕಿ ನೋಡಿ, ‘ಇದು ನಾನಾ ಮಗಾ?’ ಅಂದರು. ಅವತ್ತು ಸರಿಯಾದ ಬಣ್ಣದಲ್ಲಿ ಬಂದದ್ದು ಕಕ್ಕಡ 18ರಂದು ಮದ್ದು ಸೊಪ್ಪಿನಿಂದ ಮಾಡುವ ಮದ್ದು ಪಾಯಸ ಒಂದೇ.

ಸಂಗೀತದ ಪುಟದಲ್ಲಿ ದುಡಿ (ಡಮರಿನಂಥ ಚರ್ಮವಾದ್ಯ) ಬಾರಿಸಿ ಹಾಡುವುದನ್ನು ಕೇಳಲಿ ಅಂತ ಕ್ಯೂಆರ್ ಕೋಡ್ ಹಾಕಿಸಿದ್ದೆವು. ಚಂದ ಕಾಣಲಿ ಅಂತ ಅದರ ಸುತ್ತಲಿನ ಬಿಳಿ ಅಂಚನ್ನೇ ಕತ್ತರಿಸಿ, ಕಡು ಚಿತ್ರದ ಮೇಲೆ ಕೂರಿಸಿದ್ದರು. ಆ ಅಂಚು ಇಲ್ಲದಿದ್ದರೆ ಫೋನಿಗೆ ಕೋಡ್ ಎಲ್ಲಿ ಶುರು ಅಂತ ತಿಳಿಯುವುದು ಕಷ್ಟ. ನಮ್ಮ ಯಾರ ಫೋನಿನಲ್ಲೂ ಹಾಡು ತೆರೆಯಲಿಲ್ಲ.

ಕಾಗದ ಯಾಕೋ ತೆಳು ಅನ್ನಿಸಿತು. ಇದನ್ನು ಪರೀಕ್ಷಿಸುವುದು ಸುಲಭ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. 16 ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್. ನಮ್ಮ ಪತ್ರಿಕೆಯಲ್ಲಿ ರಕ್ಷಾಪುಟ ಬಿಟ್ಟು 32 ಹಾಳೆ. ಪಿನ್ ಕಿತ್ತು, ರಕ್ಷಾಪುಟ ತೆಗೆದು, ಮೆಣಸು ತೂಗುವ ಮಿಷಿನ್ ಮೇಲಿಟ್ಟೆ. 260 ಗ್ರಾಂ ಆಸುಪಾಸು ಇರಬೇಕಿತ್ತು. 182 ತೋರಿಸಿತು. ಅಂದರೆ ಕೊಟ್ಟದ್ದು 90 ಜಿಎಸ್‌ಎಂ ಕಾಗದ.

ನೋಂದಣಿ ಕತೆ ಬೇರೆ. ಆ ಪ್ಯಾಕೇಜ್‌ನಲ್ಲಿ 12,000 ‘ಆರ್‌ಎನ್‌ಐ ಮತ್ತು ಐಎಸ್‌ಎಸ್‌ಎನ್’ (ಪತ್ರಿಕೆ ನೋಂದಣಿ ಮತ್ತು ನಿಯತಕಾಲಿಕದ ಗುರುತಿನ ಸಂಖ್ಯೆ) ಲೆಕ್ಕಕ್ಕೆ, ‘ಡೆಲ್ಲಿಯಲ್ಲಿ ನಮ್ಮವರಿದ್ದಾರೆ’ ಅಂತ. ಪತ್ರಿಕೆ ನೋಂದಣಿಯ 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ಆರ್‌ಎನ್‌ಐ ಈಗ ಪ್ರೆಸ್ ರಿಜಿಸ್ಟ್ರಾರ್ ಜನರಲ್ ಕಚೇರಿ. ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ ನಾವೇ ಅರ್ಜಿ ಹಾಕಬಹುದು. ಐಎಸ್‌ಎಸ್‌ಎನ್ ಅಂತೂ ದೆಹಲಿಯ ರಾಷ್ಟ್ರೀಯ ಕೇಂದ್ರ ಪುಕ್ಕಟೆ ಕೊಡುತ್ತದೆ. ಅದರಲ್ಲಿ 8 ಅಂಕೆ ಇರುತ್ತದೆ. ನಮ್ಮ ರಕ್ಷಾಪುಟದ ಮೇಲೆ ಅಚ್ಚಾದದ್ದರಲ್ಲಿ 10 ಇತ್ತು!

ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಅಂಗಡಿಗಳಿಗೆ ಹಂಚುತ್ತೇವೆ ಅಂದಿದ್ದರು. ನಾನೇ ಹೋಗಿ ಕೇಳಿದೆ. ಒಂದೇ ಒಂದು ಪ್ರತಿ ಇರಲಿಲ್ಲ.

ಫೋನ್ ಮಾಡಿದರೆ ಮೊದಲು ‘ಮಷೀನ್ ಪ್ರಾಬ್ಲಂ ಮೇಡಂ’, ಆಮೇಲೆ ‘ನೀವು ಕಳಿಸಿದ ಫೋಟೋನೇ ಹಾಗಿತ್ತು’, ಆಮೇಲೆ ಬ್ಲಾಕ್. ಕೊನೆಗೆ ವಿರಾಜಪೇಟೆಯ ಒಬ್ಬರು ವಕೀಲರ ಹತ್ತಿರ ಹೋದೆವು. ಅವರು ಎಲ್ಲ ಕೇಳಿಸಿಕೊಂಡು ಬಿಲ್ ಎಲ್ಲಿ ಅಂದರು. ಇಲ್ಲ. ಕಾಗದ, ಪ್ರತಿ ಎಷ್ಟು ಅಂತ ಬರೆದು ಸಹಿ ಮಾಡಿದ್ದು? ಅದೂ ಇಲ್ಲ. ನಮ್ಮ ಹತ್ತಿರ ಇದ್ದದ್ದು, ‘ಸರ್, 130 ಜಿಎಸ್‌ಎಂ ಅಲ್ವಾ?’ ಅಂತ ನಾನು ವಾಟ್ಸಾಪ್‌ನಲ್ಲಿ ಕೇಳಿದ್ದಕ್ಕೆ ಆ ಪ್ಯಾಕೇಜ್‌ನವರು ಕಳಿಸಿದ ಒಂದು ಹೆಬ್ಬೆರಳು.