ಸಿಹಿ ವೈನ್ ಪೀಪಾಯಿಯ ಮೂರು ವಿಸ್ಕಿ, ತೀರ್ಥಹಳ್ಳಿಯ ಮಳೆಯಲ್ಲಿ

ಗ್ಲೆನ್‌ಮೊರಂಜಿಯ ಲಸಾಂಟಾ, ಕ್ವಿಂಟಾ ರೂಬನ್, ನೆಕ್ಟರ್ ಡೋರ್. ತೀರ್ಥಹಳ್ಳಿಯಲ್ಲಿ ಮಳೆ ಹಿಡಿದು ಕೂತಿದ್ದಾಗ ಈ ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ಸವಿದೆ. ಮೂರೂ ಸ್ಕಾಟ್ಲೆಂಡಿನ ಟೇನ್ ಊರಿನ ಒಂದೇ ಡಿಸ್ಟಿಲರಿಯವು. ಮೊದಲು ಅಮೆರಿಕದ ಬರ್ಬನ್ ವಿಸ್ಕಿ ಇದ್ದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಾಗಿ, ಆಮೇಲೆ ಸಿಹಿ ವೈನ್ ಇದ್ದ ಪೀಪಾಯಿಗೆ ಹೋಗುತ್ತವೆ. ವೈನ್ ಬೆರೆಸುವುದಿಲ್ಲ, ಸ್ಕಾಚ್‌ಗೆ ಸಕ್ಕರೆ ಹಾಕುವಂತೆಯೂ ಇಲ್ಲ. ಮರ ಕುಡಿದಿಟ್ಟುಕೊಂಡ ವೈನೇ ನಿಧಾನಕ್ಕೆ ವಿಸ್ಕಿಗೆ ಇಳಿಯುತ್ತದೆ.

ನಾನು ಸವಿದ ಲಸಾಂಟಾ 12 ವರ್ಷದ್ದು, ಆಲ್ಕೋಹಾಲ್ ಶೇ 43. ಸ್ಪೇನಿನ ಶೆರಿ ವೈನಿನ ಪೀಪಾಯಿ. ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ ತಕ್ಷಣ ಮೂಗಿಗೆ ಬರುತ್ತವೆ. ಮೊದಲ ಗುಟುಕು ಬಹಳ ಹಿತ. ಆದರೆ ಗ್ಲಾಸು ಅರ್ಧ ಆಗುವಷ್ಟರಲ್ಲಿ ಜೋನಿಬೆಲ್ಲ ಜಾಸ್ತಿ ತಿಂದ ಹಾಗೆ ನಾಲಿಗೆ ಸಾಕು ಅನ್ನುತ್ತದೆ.

ಕ್ವಿಂಟಾ ರೂಬನ್ ಪೋರ್ಚುಗಲ್‌ನ ಪೋರ್ಟ್ ವೈನಿನ ಪೀಪಾಯಿಯದು. 14 ವರ್ಷ, ಶೇ 46. ಕಪ್ಪು ಚಾಕೊಲೇಟ್, ಪುದೀನ. ಊಟ ಆದ ಮೇಲೆ ಒಂದು ಪೆಗ್ಗಿಗೆ ಚೆನ್ನ, ಅಷ್ಟೇ.

ನನ್ನ ಮನಸ್ಸು ನಿಂತಿದ್ದು ನೆಕ್ಟರ್ ಡೋರ್ ಮೇಲೆ. ಇದರ ಪೀಪಾಯಿ ಫ್ರಾನ್ಸಿನ ಬೋರ್ಡೋ ಸೀಮೆಯ ಸೊಟೆರ್ನ್ ವೈನಿನದು. ನಾವು ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದೂ ಅದೇ ಸೀಮೆಯ ದ್ರಾಕ್ಷಿ ತೋಟಗಳಲ್ಲಿ, ಅದೂ ಬೂಸ್ಟು ರೋಗ ತಡೆಯೋದಕ್ಕೆ. ಸೊಟೆರ್ನ್‌ನವರು ಮಾತ್ರ ಇನ್ನೊಂದು ಬಗೆಯ ಬೂಸ್ಟಿಗೆ ಕಾಯುತ್ತಾರೆ! ಬೆಳಗಿನ ಮಂಜಿಗೆ ಹಣ್ಣಿಗೆ ಬೊಟ್ರೈಟಿಸ್ ಅನ್ನೋ ಬೂಸ್ಟು ಹಿಡಿಯುತ್ತದೆ, ಮಧ್ಯಾಹ್ನದ ಬಿಸಿಲಿಗೆ ನೀರು ಆರುತ್ತದೆ, ಸಿಹಿ ಗಟ್ಟಿಯಾಗುತ್ತದೆ. ಆದರೂ ಹುಳಿ ಹಾಗೇ ಉಳಿದಿರುತ್ತದೆ. ವಿಸ್ಕಿಯಲ್ಲೂ ನನಗೆ ಸಿಕ್ಕಿದ್ದು ಆ ಹುಳಿಯೇ. ಮೊದಲು ಜೇನು, ಹಿಂದೆಯೇ ನಿಂಬೆ ಸಿಪ್ಪೆ, ಕೊನೆಗೆ ಗಂಟಲಲ್ಲಿ ಶುಂಠಿಯ ಸಣ್ಣ ಖಾರ. ವಿಸ್ಕಿಯ ಮೂಲವಾದ ಬಾರ್ಲಿಯ ರುಚಿ ಎಲ್ಲೂ ಮುಚ್ಚಿಹೋಗಿಲ್ಲ. ಪೀಪಾಯಿ ಎಷ್ಟೇ ಸೊಗಸಾಗಿರಲಿ, ವಿಸ್ಕಿ ವಿಸ್ಕಿಯಾಗಿ ಉಳೀಬೇಕು ಅಲ್ವಾ?

ಶೇ 46 ಇರುವುದರಿಂದ ಸುಮ್ನೆ ಕುಡಿದರೆ ಸ್ವಲ್ಪ ಘಾಟು. ಅರ್ಧ ಚಮಚ ನೀರು ಹಾಕಿ ಐದು ನಿಮಿಷ ಬಿಡಿ, ನಿಂಬೆ ಮುಂದೆ ಬರುತ್ತದೆ. ಐಸ್ ಮಾತ್ರ ಬೇಡ. ನಮ್ಮ ಮಳೆಗಾಲದ ಥಂಡಿಯೇ ಸಾಕು, ಐಸ್ ಬಿದ್ದರೆ ಪರಿಮಳ ಮುದುಡಿಕೊಳ್ಳುತ್ತದೆ. ನಂಜಿಕೊಳ್ಳಲು ಖಾರ ಹಾಕಿದ ಹಲಸಿನ ಹಪ್ಪಳ ಕರಿದಿಟ್ಟುಕೊಳ್ಳಿ. ಲಸಾಂಟಾ ಜೊತೆ ಆ ಖಾರ ಹೊಂದಲಿಲ್ಲ, ನೆಕ್ಟರ್ ಜೊತೆ ಪ್ಲೇಟು ಖಾಲಿಯಾಯಿತು.