ಬಲಗಡೆ ಅಬಟ್‌ಮೆಂಟ್, ಎಡಗಡೆ ಮ್ಯಾಗ್ನೆಟ್: ಎರಡು ಬಗೆಯ ಬೋನ್ ಕಂಡಕ್ಷನ್ ಇಂಪ್ಲಾಂಟ್ ಬಳಸಿ ಹೇಳುವುದು

ನನ್ನ ಬಲಕಿವಿಯ ಹಿಂದೆ ಚರ್ಮದಿಂದ ಆಚೆ ಬಂದಿರುವ ಒಂದು ಟೈಟಾನಿಯಂ ತುಂಡಿದೆ, ಅಬಟ್‌ಮೆಂಟ್ ಅಂತಾರೆ. ಶಬ್ದ ಹಿಡಿಯುವ ಹೊರಗಿನ ಯಂತ್ರ, ಅಂದರೆ ಪ್ರೊಸೆಸರ್, ಅದರ ಮೇಲೆ ಟಕ್ ಅಂತ ಕೂರುತ್ತದೆ. ಎಡಗಡೆ ಹೊರಗೆ ಏನೂ ಕಾಣುವುದಿಲ್ಲ. ಚರ್ಮದ ಕೆಳಗೆ ಇಂಪ್ಲಾಂಟ್, ಮೇಲೆ ಮ್ಯಾಗ್ನೆಟ್ ಹಿಡಿದಿಟ್ಟುಕೊಂಡಿರುವ ಪ್ರೊಸೆಸರ್, ಅಷ್ಟೇ. ಬಲಗಡೆಯದು ಹಳೆಯದು, ಎಡಗಡೆಯದು ಕೆಲವು ವರ್ಷ ಬಿಟ್ಟು ಮಾಡಿಸಿದ್ದು. ಯಾವುದು ಒಳ್ಳೆಯದು ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ನನ್ನವು ಯಾವ ಕಂಪನಿಯವು ಅಂತ ಹೇಳುವುದಿಲ್ಲ. ಬಗೆ ಯಾವುದು ಅಂತ ಗೊತ್ತಾದರೆ ಮುಕ್ಕಾಲು ಪಾಲು ತೀರ್ಮಾನ ಆದ ಹಾಗೆಯೇ.

ಇದು ಎಲ್ಲರಿಗೂ ಅಲ್ಲ. ಒಳಗಿವಿ ಸುಮಾರಾಗಿ ಚೆನ್ನಾಗಿದ್ದು, ಶಬ್ದ ಅಲ್ಲಿಗೆ ತಲುಪುವ ದಾರಿಯೇ ಕೆಟ್ಟಿರುವವರಿಗೆ. ಹುಟ್ಟಿನಿಂದಲೇ ಕಿವಿಯ ತೂತು ಇಲ್ಲದವರು, ವರ್ಷಗಟ್ಟಲೆ ಕಿವಿ ಸೋರಿ ಆಪರೇಷನ್ ಆದವರು ಈ ಲೆಕ್ಕಕ್ಕೆ ಬರುತ್ತಾರೆ. ನಾನು ಎರಡನೇ ಗುಂಪು, ಅದೂ ಎರಡೂ ಕಿವಿ. ಮಾಮೂಲಿ ಹಿಯರಿಂಗ್ ಏಡ್ ಹಾಕಿ ನೋಡಿದ್ದೇನೆ. ಕಿವಿಯೊಳಗೆ ಕೂರುವ ಅಚ್ಚು, ಮೋಲ್ಡ್, ತುರುಕಿದರೆ ಒಳಗೆ ಗಾಳಿ ಆಡದೆ ಮತ್ತೆ ಸೋರಲು ಶುರು, ತೆಗೆದಿಟ್ಟರೆ ಏನೂ ಕೇಳಿಸುವುದಿಲ್ಲ. ಮೂಳೆಯ ಮೂಲಕ ಕೇಳಿಸುವ ಸಾಧನದಲ್ಲಿ ಕಿವಿಯ ತೂತಿಗೆ ಕೆಲಸವೇ ಇಲ್ಲ. ತಲೆಬುರುಡೆ ನಡುಗುತ್ತದೆ, ಒಳಗಿವಿ ಕೇಳಿಸಿಕೊಳ್ಳುತ್ತದೆ.

ಅಬಟ್‌ಮೆಂಟ್ ಬಗೆಗೆ ವಯಸ್ಸಾಗಿದೆ. ಟೈಟಾನಿಯಂ ಮೂಳೆಯ ಜೊತೆ ಬೆಸೆದುಕೊಳ್ಳುತ್ತದೆ ಅಂತ ಕಂಡುಕೊಂಡವರು ಸ್ವೀಡನ್ನಿನ ಸಂಶೋಧಕ ಬ್ರೋನೆಮಾರ್ಕ್. ಅದನ್ನು ಮೊದಲು ಹಲ್ಲಿಗೆ ಬಳಸಿದರು. ಅದೇ ಉಪಾಯವನ್ನು 1977ರಲ್ಲಿ ಅದೇ ದೇಶದ ಗೋಥೆನ್‌ಬರ್ಗ್‌ನಲ್ಲಿ ಕಿವಿಯ ಹಿಂದೆ ಹಾಕಿ ನೋಡಿದರು. ಮೂಳೆಗೆ ಇಳಿಯುವ ಸ್ಕ್ರೂ ಮೂರು ನಾಲ್ಕು ಮಿಲಿಮೀಟರ್ ಮಾತ್ರ. ಬಾಹಾ ಕನೆಕ್ಟ್, ಪೊಂಟೊ ಅನ್ನುವ ಬ್ರ್ಯಾಂಡುಗಳು ಈ ಜಾತಿಯವು. ಚರ್ಮ ಮುಚ್ಚಿರುವ, ಕಂಪಿಸುವ ಭಾಗವೇ ಒಳಗಿರುವ ಬಗೆಯಲ್ಲಿ ಬೋನ್‌ಬ್ರಿಡ್ಜ್ 2012ರಲ್ಲಿ ಬಂತು, ಆಮೇಲೆ ಓಸಿಯಾ.

ಮೊದಲು ಶಬ್ದದ ವಿಷಯ. ಬಲಗಡೆಯದು ಗಟ್ಟಿ, ಹರಿತ. ಎಡಗಡೆಯದು ಸ್ವಲ್ಪ ಮೃದು, ಆದರೆ ಮಂಕಲ್ಲ. ಮ್ಯಾಗ್ನೆಟ್ ಅಂದ ತಕ್ಷಣ ಚರ್ಮ ಶಬ್ದವನ್ನು ತಿಂದುಬಿಡುತ್ತದೆ ಅಂತ ಹೆದರಿಸುವವರಿದ್ದಾರೆ. ಅದು ಪ್ರೊಸೆಸರನ್ನು ತಲೆಗೆ ಒತ್ತಿ ಹಿಡಿಯುವ ತಲೆಪಟ್ಟಿಗೂ, ಹೊರಗಿನಿಂದಲೇ ಚರ್ಮದ ಮೇಲೆ ನಡುಗಿಸುವ ಹಳೆಯ ಮ್ಯಾಗ್ನೆಟ್‌ಗಳಿಗೂ ನಿಜ. ಅಲ್ಲಿ ಮೇಲಿನ ಸ್ವರಗಳಲ್ಲಿ 10ರಿಂದ 20 ಡೆಸಿಬಲ್ ಹೋಗುತ್ತದೆ, ಸ, ಶ, ತ ಎಲ್ಲ ಕಲಸಿಕೊಂಡು ಕೇಳಿಸುತ್ತವೆ. ನನ್ನ ಎಡಗಡೆಯಂಥದ್ದರಲ್ಲಿ ಚರ್ಮ ದಾಟುವುದು ಬರೀ ರೇಡಿಯೋ ಸಿಗ್ನಲ್, ನಡುಕ ಹುಟ್ಟುವುದೇ ಮೂಳೆಯಲ್ಲಿ. ನಿಜವಾದ ವ್ಯತ್ಯಾಸ ಇರುವುದು ಶಕ್ತಿಯಲ್ಲಿ. ಕಿವಿ ಪರೀಕ್ಷೆಯ ಚಿತ್ರದಲ್ಲಿ, ಅಂದರೆ ಆಡಿಯೋಗ್ರಾಮ್‌ನಲ್ಲಿ, ಮೂಳೆಯ ಗೆರೆ ಅಂತ ಬೇರೆ ಇರುತ್ತದೆ, ಒಳಗಿವಿ ಎಷ್ಟು ಕುಗ್ಗಿದೆ ಅಂತ ತೋರಿಸುವುದು ಅದೇ, ಅದು ಎಷ್ಟಕ್ಕೆ ಇಳಿದಿದೆ ನೋಡಿ. ಬೋನ್‌ಬ್ರಿಡ್ಜ್ 45 ಡೆಸಿಬಲ್‌ವರೆಗೆ, ಓಸಿಯಾ 55ರವರೆಗೆ, ಅಬಟ್‌ಮೆಂಟಿನ ಮೇಲೆ ಕೂರುವ ಅತಿ ಶಕ್ತಿಯ ಪ್ರೊಸೆಸರ್‌ಗಳು 65ರವರೆಗೆ. ಒಳಗಿವಿಯೂ ವರ್ಷ ಕಳೆದಂತೆ ಕುಗ್ಗುತ್ತದೆ ಅಲ್ವಾ, ಇವತ್ತು 40 ಇದ್ದವರು ಮುಂದಿನದನ್ನೂ ಯೋಚಿಸಬೇಕು.

ಇನ್ನು ಚರ್ಮ. ಇಲ್ಲಿ ಬಲಗಡೆಯದು ಸೋಲುತ್ತದೆ, ಸುಮ್ನೆ ಅಲ್ಲ, ಹೀನಾಯವಾಗಿ. ಸ್ನಾನ ಆದಮೇಲೆ ಮೆತ್ತನೆ ಬ್ರಷ್ಷಿನಿಂದ ಅಬಟ್‌ಮೆಂಟ್ ಸುತ್ತ ಉಜ್ಜಬೇಕು. ಬಿಟ್ಟರೆ ಬುಡದಲ್ಲಿ ಹಳದಿ ಹಕ್ಕಳೆ ಕಟ್ಟುತ್ತದೆ, ಅದಕ್ಕೆ ಕೂದಲು ಸುತ್ತಿಕೊಳ್ಳುತ್ತದೆ, ಎಳೆದರೆ ಹಸಿ. ನಿದ್ದೆಯಲ್ಲಿ ಆ ಮಗ್ಗುಲಿಗೆ ತಿರುಗಿದರೆ ದಿಂಬು ಒತ್ತಿ ಬೆಳಿಗ್ಗೆ ಸುತ್ತ ಕೆಂಪು. ಒಂದು ಸಲ ಕೀವಾಗಿ, ಮಾಂಸ ಬೆಳೆದು ಪ್ರೊಸೆಸರ್ ಕೂರಿಸಲೂ ಆಗದೆ, ಮುಲಾಮು ಹಚ್ಚಿಕೊಂಡು ಆ ಕಡೆ ಕಿವುಡನಾಗಿ ಓಡಾಡಿದೆ. ಎಲ್ಲರಿಗೂ ಹೀಗೆ ಆಗುವುದಿಲ್ಲ. ವರ್ಷಗಟ್ಟಲೆ ಏನೂ ತೊಂದರೆ ಇಲ್ಲದವರೂ ಇದ್ದಾರೆ. ಆದರೆ ಚರ್ಮಕ್ಕೆ ಒಂದು ತೂತು ಶಾಶ್ವತವಾಗಿ ಇದ್ದೇ ಇರುತ್ತದೆ, ನೋಡಿಕೊಳ್ಳುವ ಕೆಲಸಕ್ಕೆ ರಜೆ ಇಲ್ಲ.

ಎಡಗಡೆಗೆ ಈ ಗೋಳು ಇಲ್ಲ. ಅದರ ರಗಳೆ ಬೇರೆ. ಮ್ಯಾಗ್ನೆಟ್‌ಗೆ ನಂಬರ್ ಇರುತ್ತದೆ. ಕಡಿಮೆ ಶಕ್ತಿಯದು ಹಾಕಿದರೆ ಬಗ್ಗಿದಾಗ ಕಳಚಿ ಬೀಳುತ್ತದೆ, ಜಾಸ್ತಿಯದು ಹಾಕಿದರೆ ಸಂಜೆ ಹೊತ್ತಿಗೆ ಅಡಿಯ ಚರ್ಮ ಕೆಂಪಗಾಗಿ ನೋಯುತ್ತದೆ. ನನಗೆ ಆಪರೇಷನ್ನಿನ ಊತ ಇಳಿದಮೇಲೆ ಒಂದು ನಂಬರ್ ಇಳಿಸಿದರು, ಆಗ ಸರಿಹೋಯಿತು. ಬಟ್ಟೆಗೆ ಸಿಕ್ಕಿಸುವ ದಾರ ಕೊಡುತ್ತಾರೆ, ಹಾಕಿಕೊಳ್ಳಿ. ಅಂಗಿ ಬಿಚ್ಚುವಾಗ ಪ್ರೊಸೆಸರ್ ಹಾರಿಹೋಗಿ ಕಬ್ಬಿಣದ ಕಪಾಟಿಗೆ ಅಂಟಿಕೊಂಡು ಕೂತಿದ್ದನ್ನು ಹುಡುಕಿದವನು ಹೇಳುತ್ತಿದ್ದೇನೆ.

ಆಪರೇಷನ್ ವಿಷಯ ಬೇಗ ಮುಗಿಸುತ್ತೇನೆ. ಅಬಟ್‌ಮೆಂಟಿನದು ಚಿಕ್ಕದು, ದೊಡ್ಡವರಿಗೆ ಆ ಜಾಗ ಮಾತ್ರ ಮರಗಟ್ಟಿಸಿಯೂ ಮಾಡುತ್ತಾರೆ. ಆದರೆ ಮೂಳೆ ಹಿಡಿದುಕೊಳ್ಳುವವರೆಗೆ ಕಾಯಬೇಕು. ಒಳಗೆ ಹಾಕುವುದಕ್ಕೆ ಮೂಳೆಯಲ್ಲಿ ಜಾಗ ಬೇಕು, ಅದಕ್ಕೇ ಮೊದಲು ಸಿಟಿ ಸ್ಕ್ಯಾನ್. ಹಳೇ ಬೋನ್‌ಬ್ರಿಡ್ಜ್‌ಗೆ 8.7 ಮಿಲಿಮೀಟರ್ ಆಳ ಕೊರೆಯಬೇಕಿತ್ತು, 2019ರಲ್ಲಿ ಬಂದ ಹೊಸದಕ್ಕೆ 4.5 ಸಾಕು. ನನ್ನ ಹಾಗೆ ಮೊದಲೇ ಕಿವಿಯ ಹಿಂದಿನ ಮೂಳೆ ಕೊರೆಸಿಕೊಂಡವರಿಗೆ ಈ ವ್ಯತ್ಯಾಸ ದೊಡ್ಡದು.

ಯಾರೂ ಮುಂಚೆ ಹೇಳದ ವಿಷಯ ಎಂಆರ್‌ಐ. ಅಬಟ್‌ಮೆಂಟ್ ಆದರೆ ಪ್ರೊಸೆಸರ್ ತೆಗೆದಿಟ್ಟು ಮಲಗಿದರಾಯಿತು. ಎಡಗಡೆಯಂಥದ್ದರಲ್ಲಿ ಚರ್ಮದ ಒಳಗೂ ಮ್ಯಾಗ್ನೆಟ್ ಇರುತ್ತದೆ, ಎಷ್ಟು ಟೆಸ್ಲಾ (ಸ್ಕ್ಯಾನ್ ಯಂತ್ರದ ಕಾಂತಶಕ್ತಿಯ ಅಳತೆ) ಯಂತ್ರದವರೆಗೆ ಸರಿ ಅಂತ ಮಾಡೆಲ್ ನೋಡಿ ಕೇಳಬೇಕು. ಸರಿ ಅಂದರೂ ಚಿತ್ರದಲ್ಲಿ ಆ ಕಡೆ ದೊಡ್ಡ ಕಪ್ಪು ನೆರಳು ಬೀಳುತ್ತದೆ. ಕಿವಿ ನರದ ಗೆಡ್ಡೆ ತೆಗೆಸಿ ಆಗಾಗ ತಲೆಯ ಸ್ಕ್ಯಾನ್ ಮಾಡಿಸಬೇಕಾದವರು ಇದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು.

ಒಂದೇ ಕಿವಿ ಪೂರ್ತಿ ಹೋದವರಿಗೂ ಇವನ್ನು ಹಾಕುತ್ತಾರೆ. ಸತ್ತ ಕಿವಿಯ ಕಡೆಯ ಮಾತು ಮೂಳೆಯಲ್ಲಿ ಹಾದು ಚೆನ್ನಾಗಿರುವ ಕಿವಿಗೆ ಹೋಗುತ್ತದೆ. ಪಕ್ಕದಲ್ಲಿ ಕೂತವರ ಮಾತು ತಪ್ಪುವುದಿಲ್ಲ, ಆದರೆ ಶಬ್ದ ಯಾವ ದಿಕ್ಕಿನಿಂದ ಬಂತು ಅಂತ ತಿಳಿಯುವುದಿಲ್ಲ. ನನಗೆ ಎರಡೂ ಕಡೆ ಇದ್ದರೂ ದಿಕ್ಕು ಅಷ್ಟಕ್ಕಷ್ಟೇ, ತಲೆಬುರುಡೆ ಒಂದೇ ಅಲ್ವಾ. ಬಲಗಡೆಯದನ್ನು ಆಫ್ ಮಾಡಿದರೂ ಎಡಗಡೆಯದೇ ಎರಡೂ ಒಳಗಿವಿಯನ್ನು ನಡುಗಿಸುತ್ತದೆ.

ಆಪರೇಷನ್‌ಗೆ ಮುಂಚೆ ತಲೆಪಟ್ಟಿಯಲ್ಲಿ ಪ್ರೊಸೆಸರ್ ಕಟ್ಟಿ ಮನೆಗೆ ಕಳಿಸುತ್ತಾರಾ ಕೇಳಿ. ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಕೋಣೆಯ ನಿಶ್ಶಬ್ದದಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತದೆ. ನಾಲ್ಕು ಜನ ಒಟ್ಟಿಗೆ ಮಾತಾಡುವ ಕಡೆ, ಗಾಡಿ ಓಡಾಡುವ ರಸ್ತೆಯಲ್ಲಿ ಹಾಕಿ ನೋಡಿ. ಪಟ್ಟಿಯಲ್ಲಿ ಕೇಳಿಸಿದ್ದಕ್ಕಿಂತ ಇಂಪ್ಲಾಂಟ್‌ನಲ್ಲಿ ಇನ್ನೂ ಸ್ಪಷ್ಟ ಇರುತ್ತದೆ. ಅಂಟಿನಿಂದ ಕೂರುವ ಬಗೆಯೂ ಇದೆ, ಮೂಳೆಯ ಗೆರೆ 25 ಡೆಸಿಬಲ್ ಒಳಗಿರುವವರಿಗೆ, ಆಪರೇಷನ್ ಬೇಡ. ಮಕ್ಕಳಿಗೆ ಒಳ್ಳೆಯದು. ನನಗೆ ಬೆವರಿಗೆ ಅಂಚು ಏಳುತ್ತಿತ್ತು, ಶಕ್ತಿಯೂ ಸಾಲಲಿಲ್ಲ.

ಹೊಸದಾಗಿ ಮಾಡಿಸುವವರು, ಮೂಳೆಯ ಗೆರೆ ಚೆನ್ನಾಗಿದ್ದು ಪದೇ ಪದೇ ಎಂಆರ್‌ಐ ಬೇಡದವರಾದರೆ, ಕಣ್ಣು ಮುಚ್ಚಿಕೊಂಡು ಮ್ಯಾಗ್ನೆಟ್ ಬಗೆಗೆ ಹೋಗಿ ಅನ್ನುತ್ತೇನೆ. ಹಾಗಾದರೆ ಬಲಗಡೆಯದನ್ನೂ ಬದಲಾಯಿಸಬಹುದಲ್ಲ ಅಂತಾರೆ. ಬದಲಾಯಿಸುವುದಿಲ್ಲ. ಪಿಸುಮಾತು, ದೂರದ ಮಾತು ಹಿಡಿಯುವುದು ಅದೇ. ಇನ್ನೊಂದು, ಎಡಗಡೆ ತಲೆಯೊಳಗೆ ಇರುವುದು ಎಲೆಕ್ಟ್ರಾನಿಕ್ಸ್, ಕೆಟ್ಟರೆ ಮತ್ತೆ ಕುಯ್ಯಬೇಕು. ಬಲಗಡೆ ಒಳಗಿರುವುದು ಬರೀ ಲೋಹ. ಕೆಡುವುದೆಲ್ಲ ಹೊರಗಿದೆ, ಬಿಚ್ಚಿ ಬೇರೆ ಹಾಕಿದರೆ ಮುಗಿಯಿತು.